ಅಪ್ಪಗ ಬಂದ ಮತ್ತೊಬ್ಬರ ಉತ್ತರ

ಪುಣೆಯ ಧನಕವಡಿಯೊಳಗ ಗಲ್ಲಿಗೊಂದು ಸೈಬರ್ ಕೆಫೆ ಅದ. ಎಲ್ಲಾಕಿಂತ ನಿಧಾನದ್ದು ನಮ್ಮ ಮಾಮಾಂದು. ಸುಳ್ಳು ಹೇಳಂಗಿಲ್ಲ, ಒಬ್ಬ ಗಿರಾಕಿ ಮೇಲ್ ತೆಗೀಲಿಕ್ಕೆ ಒತ್ತಿ ಕೂತ. ಕೂತಲ್ಲೇ ಚುರಮರಿ ತಿಂದ, ಕೂತಲ್ಲೇ ಪೇಪರ್ ಓದಿದ, ಕೂತಲ್ಲೇ ಅವಗ ದಾಡಿ ಬೆಳೀತು. ಮೇಲ್ ಬರಲಿಲ್ಲ.

ಮಾಮಾ ಅಂದ್ರ ನಮ್ಮವ್ವನ ತಮ್ಮ. ಗದಗಿನಿಂದ ಬಂದು ಮೊದಲ ಝೆರಾಕ್ಸ್ ಅಂಗಡಿ ಇಟ್ಟಿದ್ದ, ಆಮ್ಯಾಲೆ ಆ ಮಷೀನ್ ಮೂಲಿಗೆ ಸರಿಸಿ ಎಂಟು ಕಂಪ್ಯೂಟರ್ ತಂದ. ಎಂಟಕ್ಕೂ ಕೂಡಿ ಒಂದ ಟೆಲಿಫೋನ್ ಲೈನ್. ಎಂಟು ಮಂದಿ ಒಂದ ಕೌದಿ ಹೊತಗೊಂಡು ಮಲಗಿದಂಗ. ಒಬ್ಬ ಎಳಕೊಂಡ್ರ ಉಳಿದವರ ಕಾಲೆಲ್ಲಾ ಹೊರಗ.

ಆ ಒಂದು ಲೈನ್ ಎಂಟು ಮಂದಿಗೆ ಹಂಚೂದು ಒಂಬತ್ತನೇ ಮಷೀನಿನ ಕೆಲಸ. ಅದಕ್ಕ ಪ್ರಾಕ್ಸಿ ಅಂತಾರ. ಮಾಮಾನ ಮೇಜಿನ ಕೆಳಗ, ಅವನ ಚಪ್ಪಲಿ ಬಾಜೂಕ ಇರ್ತಿತ್ತು ಅದು. ಮುಚ್ಚಳಾ ಇಲ್ಲ, ಹೊಟ್ಟಿಯೊಳಗಿನ ವೈರೆಲ್ಲಾ ಹೊರಗ. ಗಿರಾಕಿ ಏನ ಕೇಳಿದ್ರೂ ಮೊದಲ ಅದಕ್ಕ ಕೇಳಬೇಕು, ಅದು ಹೊರಗ ಹೋಗಿ ಕೇಳಿ ಬಂದು ಹೇಳಬೇಕು. ಹೊರಗ ಅಂದ್ರ ನೇರ ಜಗತ್ತಿಗೆ ಅಲ್ಲ. ಲೈನ್ ಕೊಟ್ಟವರ ಕಡೆ ಒಂದು ದೊಡ್ಡ ಪ್ರಾಕ್ಸಿ ಇತ್ತು, ನಮ್ಮ ಸಣ್ಣದು ಏನಿದ್ರೂ ಅದರ ಕಿವಿಯೊಳಗ ಹೇಳಬೇಕು. ಸಾಹೇಬನ ಹತ್ರ ಹೋಗಾಕಿಂತ ಮೊದಲ ಸಾಹೇಬನ ಪ್ಯೂನನ್ನ ಕಾಣೂದು ಇರ್ತದಲ್ಲ, ಹಂಗ.

ಆ ಒಂಬತ್ತನೇ ಮಷೀನಿಗೆ ಒಡೆಯಾ ನಾ. ವಯಸ್ಸು ಹದಿನಾರು. ನನಗ ಮೀಸಿ ಬರೂಕಿಂತ ಮೊದಲ ಸಿ ಭಾಷಾ ಬಂದಿತ್ತು, ಮತ್ತ ಖರೆ ಹೇಳಬೇಕಂದ್ರ ಮೀಸಿ ಇನ್ನೂ ಬಂದಿಲ್ಲ. ಇಡೀ ಪುಣೆಯೊಳಗ ಪ್ರಾಕ್ಸಿ ತಿಳಿದವರು ಮೂರ ಮಂದಿ, ಉಳಿದ ಇಬ್ಬರು ಯಾರು ಗೊತ್ತಿಲ್ಲ ಅಂತ ನಾ ಎಲ್ಲಾರ ಮುಂದೂ ಹೇಳ್ಕೋತ ಅಡ್ಡಾಡ್ತಿದ್ದೆ. ಮಾಮಾ ನಂಬಿದ್ದ. ಗಿರಾಕಿಗಳು ನಂಬಿದ್ರು. ನಮ್ಮಪ್ಪ ಒಬ್ಬ ಏನೂ ಅಂತಿದ್ದಿಲ್ಲ.

ಅಪ್ಪನ ಸುದ್ದಿ ಇಲ್ಲೇ ಹೇಳಬೇಕು, ಯಾಕಂದ್ರ ಇದೆಲ್ಲಾ ಅವಂದ ಸುದ್ದಿ. ಅವ ಹಡಪಸರದ ಕಡೆ ಒಂದು ಫ್ಯಾಕ್ಟರಿಯೊಳಗ ಸ್ಟೋರ್ಸ್ ಕ್ಲರ್ಕ್ ಇದ್ದ, ಇಪ್ಪತ್ತಾರು ವರ್ಷ. ಯಾವ ಬೋಲ್ಟು ಯಾವ ಖಾನೆಯೊಳಗ ಅದ ಅಂತ ಕಣ್ಣು ಮುಚ್ಚಿ ಹೇಳ್ತಿದ್ದ. ಒಂದಿನ ಆ ಡಿಪಾರ್ಟ್‌ಮೆಂಟನ್ನ ಮುಚ್ಚಿದ್ರು. ಬೋಲ್ಟು ಉಳಿದ್ವು, ಅಪ್ಪ ಮನಿಗೆ ಬಂದ. ಎಂಟು ತಿಂಗಳು ಪೇಪರಿನ ಜಾಹೀರಾತು ಓದಿದ. ಎಲ್ಲಾ ಜಾಹೀರಾತೂ ಮೂವತ್ತೈದು ವರ್ಷಕ್ಕ ನಿಂತಬಿಡ್ತಿದ್ವು. ಕಡೀಕ ಒಂದ ಒಂದು ಸಿಕ್ತು: ಮಗರಪಟ್ಟಾದಾಗ ಹೊಸದಾಗಿ ತೆರದ ಒಂದು ಆಫೀಸು, ರೆಕಾರ್ಡ್ ಕ್ಲರ್ಕ್ ಬೇಕು, ವಯಸ್ಸು ಐವತ್ತರೊಳಗ ಇರಬೇಕು. ಅರ್ಜಿ ಬರೇ ವೆಬ್‌ಸೈಟಿನ ಮ್ಯಾಲೆ. ಕಡೀ ದಿನಾ ಶನಿವಾರ, ಸಂಜಿ ಐದು.

ಅಪ್ಪಗ ಐವತ್ತು ತುಂಬಲಿಕ್ಕೆ ಒಂದು ತಿಂಗಳು ಉಳಿದಿತ್ತು. ಅಡಗಿಮನ್ಯಾಗ ಅವ್ವನ ಮುಂದ ಹೇಳೂದು ನಾ ಕೇಳಿದೆ: “ಇದೊಂದ ಉಳದದ ನೋಡು. ಇದೂ ಹೋತಂದ್ರ ಇನ್ನ ಯಾರೂ ಕರ್ಯಂಗಿಲ್ಲ.”

ಈಗ ಪ್ರಾಕ್ಸಿಗಿದ್ದ ರೋಗ ಹೇಳ್ತೇನಿ. ಹೆದರಬ್ಯಾಡ್ರಿ, ನಮ್ಮ ಅಜ್ಜಿಗೆ ತಿಳಿಸೇನಿ, ನಿಮಗೂ ತಿಳೀತದ.

ವೆಬ್ ಮಾತಾಡೂ ಪದ್ಧತಿಯೊಳಗ ಎರಡು ಆವೃತ್ತಿ. ಒಂದು ಪಾಯಿಂಟ್ ಸೊನ್ನೆ, ಒಂದು ಪಾಯಿಂಟ್ ಒಂದು. ಸೊನ್ನೆದು ಹಳೇ ಮಂದಿಯ ಪದ್ಧತಿ: ಬಾಗಲಾ ಬಡಿ, ಒಂದ ಪ್ರಶ್ನೆ ಕೇಳು, ಉತ್ತರ ತಗೋ, ಬಾಗಲಾ ಮುಚ್ಚು. ಇನ್ನೊಂದು ಪ್ರಶ್ನೆ ನೆನಪಾತಂದ್ರ ಮತ್ತ ಬಾಗಲಾ ಬಡಿ. ಬಾಗಲಾ ತೆಗ್ಯೂದರಾಗನ ಅರ್ಧಾ ಹೊತ್ತು ಹೋಗ್ತದ. ಒಂದರದ್ದು ಹೊಸ ಮಂದಿಯ ಪದ್ಧತಿ: ಬಾಗಲಾ ತೆರದ ಇರಲಿ, ಅದ ಕನೆಕ್ಷನ್ ಮ್ಯಾಲೆ ಒಂದಾದ ಮ್ಯಾಲೊಂದು ಕೇಳೋಣ.

ನಮ್ಮ ಪ್ರಾಕ್ಸಿ ಹಳೇ ಕಾಲದ್ದು, ಗಿರಾಕಿಗಳ ಬ್ರೌಸರ್ ಹೊಸಾವು. ‘ಬಾಗಲಾ ಮುಚ್ಚಬ್ಯಾಡ್ರಿ’ ಅಂತ ಬ್ರೌಸರ್ ಒಂದು ಸಾಲು ಬರದು ಕಳಸ್ತಿತ್ತು. ನಮ್ಮ ಮುದುಕಗ ಆ ಸಾಲಿನ ಅರ್ಥ ಗೊತ್ತಿಲ್ಲ, ಆದ್ರೂ ಹಂಗ ಮುಂದ ದಾಟಿಸ್ತಿದ್ದ. ಆ ಕಡೆಯ ದೊಡ್ಡ ಪ್ರಾಕ್ಸಿ ಅದನ್ನ ಓದಿ, ಉತ್ತರ ಕೊಟ್ಟು, ಬಾಗಲಾ ತೆರದ ಇಟ್ಟು ಸುಮ್ಮನ ಕೂಡ್ತಿತ್ತು. ನಮ್ಮ ಮುದುಕ ಬಾಗಲಾ ಹಾಕಿದ ಸಪ್ಪಳ ಕೇಳಿದ್ರನ ಉತ್ತರ ಮುಗೀತು ಅಂತ ತಿಳಕೊಳ್ಳಾಂವ. ಸಪ್ಪಳ ಬರಂಗಿಲ್ಲ, ಇವ ಕದಲಂಗಿಲ್ಲ.

ನಮ್ಮ ಕಡೆ ಮಂದಿ ಬೀಗರ ಮನ್ಯಾಗಿಂದ ಹೆಂಗ ಹೊರಡ್ತಾರ ನೋಡೀರಲ್ಲ? ‘ಬರ್ತೇವ್ರಿ’ ಅಂತ ಎದ್ದು ಪಡಸಾಲ್ಯಾಗ ಅರ್ಧಾ ತಾಸು, ಚಪ್ಪಲಿ ಮೆಟ್ಕೋತ ಅರ್ಧಾ ತಾಸು, ಗೇಟಿನ ಮುಂದ ಹೊಸಾ ಸುದ್ದಿ ತೆಗದು ಒಂದು ತಾಸು. ಕಳಿಸಲಿಕ್ಕೆ ಬಂದವರಿಗೆ ಬಾಗಲಾ ಹಾಕ್ಲಿಕ್ಕೂ ಬರಂಗಿಲ್ಲ, ಒಳಗ ಹೋಗಿ ಉಣ್ಲಿಕ್ಕೂ ಬರಂಗಿಲ್ಲ. ನಮ್ಮ ಪ್ರಾಕ್ಸಿ ದಿನಕ್ಕ ಸಾವಿರ ಸಲ ಹಂಗ ಬಾಗಲದಾಗ ನಿಂದರ್ತಿತ್ತು, ಅದರ ಹಿಂದ ಎಂಟು ಗಿರಾಕಿ ಬಾಯಿ ತಕ್ಕೊಂಡು.

ಇದಕ್ಕ ಔಷಧ ನಾ ಹುಡಕಿದೆ. ಇಂಟರ್ನೆಟ್ಟಿನ ಮ್ಯಾಲೆ ಯಾವನೋ ಪುಣ್ಯಾತ್ಮ ಬರದಿಟ್ಟ ತಿದ್ದುಪಡಿ, ಹನ್ನೊಂದು ಹಾಳಿ. ಗುರುವಾರ ನಮ್ಮ ಕಡೆ ಲೈಟ್ ಹೋಗೂ ದಿನಾ. ಕೆಫೆಯ ಕಟ್ಟಿ ಮ್ಯಾಲೆ ಕೂತು, ಹನ್ನೊಂದೂ ಹಾಳಿ ಬಿಸಲಾಗ ಓದಿದೆ. ಬೇಕಂತಲೇ ಕಟ್ಟಿ ಮ್ಯಾಲೆ ಕೂತಿದ್ದೆ, ಬರೂ ಹೋಗೂ ಮಂದಿಗೆ ಕಾಣಲಿ ಅಂತ. ತಿದ್ದುಪಡಿಯ ಕೆಲಸ ಇಷ್ಟ: ದೊಡ್ಡ ಪ್ರಾಕ್ಸಿ ಕಡೆಗಿನ ಬಾಗಲಾ ಒಂದ ಸಲ ತೆರದು ತೆರದ ಇಡೂದು. ಎಂಟೂ ಕಂಪ್ಯೂಟರಿನ ಪ್ರಶ್ನೆ ಅದ ಒಂದು ಬಾಗಲದಿಂದ ಪಾಳಿ ಹಚ್ಚಿ ಕಳಸೂದು. ಮೊದಲ ಕೇಳಿದವಗ ಮೊದಲಿನ ಉತ್ತರ, ಎರಡನೇದವಗ ಎರಡನೇದು.

ಒಂಬತ್ತನೇ ಹಾಳಿಯೊಳಗ ಬರದಾಂವ ಒಂದು ಎಚ್ಚರಿಕಿ ಕೊಟ್ಟಿದ್ದ. ‘ಉತ್ತರ ಬರೂಕಿಂತ ಮೊದಲ ಗಿರಾಕಿ ಎದ್ದು ಹೋದ್ರ ಆ ಕನೆಕ್ಷನ್ ಒಗದುಬಿಡಬೇಕು, ಮತ್ತೊಬ್ಬಗ ಕೊಡಬಾರದು. ಆ ಭಾಗ ನಾ ಇನ್ನೂ ಬರದಿಲ್ಲ.’ ಯಾಕಂದ್ರ ಎದ್ದು ಹೋದವನ ಉತ್ತರ ಹಿಂದಿಂದ ಬಂದು, ಕುಡದು ಬಿಟ್ಟ ಚಹಾದ ಗತೆ ಅಲ್ಲೇ ಕೂತಿರ್ತದ. ಮುಂದಿನವ ಬಂದ್ರ ಅವನ ಕೈಯಾಗ ಆ ಎಂಜಲ ಬಟ್ಟಲಾನ ಸಿಗ್ತದ. ಅವನ ಉತ್ತರ ಅವನ ಮುಂದಿನವಗ, ಅವಂದು ಅದರ ಮುಂದಿನವಗ.

ನಾ ಅದನ್ನ ಓದಿ ನಕ್ಕೆ. ನಮ್ಮ ಕೆಫೆಗೆ ಬರೂ ಮಂದಿ ಯಾರು? ಧಾರವಾಡ, ಬೆಳಗಾವಿ ಕಡೆಯವರು. ಎಲಿ ಮ್ಯಾಲಿನ ಉಪ್ಪು ಸೈತ ಬಿಟ್ಟು ಏಳೂ ಮಂದಿ ಅಲ್ಲ. ಕುರ್ಚಿ ಹಿಡದ್ರಂದ್ರ ತಮ್ಮ ತಾಸು ಮುಗಿದು ಮಾಮಾ ಮೂರ ಸಲ ಕೆಮ್ಮೂತನಕಾ ಏಳಂಗಿಲ್ಲ. ಕೇಳಿದ್ದರ ಉತ್ತರ ಬರೂಕಿಂತ ಮೊದಲ ಇವರು ಏಳ್ತಾರ? ಯಾವ ದೇಶದವನೋ ತನ್ನ ಕಡೆ ಮಂದಿ ನೋಡಿ ಬರದಾನ ಅಂತ ಒಂಬತ್ತನೇ ಹಾಳಿ ಮಡಚಿ, ಅದರಾಗ ಮಾಮಾಗ ಚುರಮರಿ ಕಟ್ಟಿಕೊಟ್ಟೆ.

ಎರಡು ವಾರ ನನ್ನ ರಾಜ್ಯಭಾರ ನಡೀತು. ಎಲ್ಲಾ ಬ್ರೌಸರಿನ್ಯಾಗ ಚಿತ್ರ ಬಂದ್ ಮಾಡಿಟ್ಟೆ, ಬರೇ ಅಕ್ಷರ. ಒತ್ತಿದ್ರ ಸಾಕು, ಪುಟ ಬಂದು ಎದಿಗೆ ಗುದ್ದಿದಂಗ ಬರ್ತಿತ್ತು. ಒಬ್ಬ ಅಜ್ಜಾರು ಹೆದರಿ ಕುರ್ಚಿ ಹಿಂದ ಸರಿಸಿದ್ರು ಅಂತ ನಾ ಕಾಲೇಜಿನ್ಯಾಗ ಹೇಳಿದೆ. ಆಮ್ಯಾಲಾಮ್ಯಾಲೆ ಅವರು ಕುರ್ಚಿ ಸಮೇತ ಬಿದ್ರು ಅಂತ ಹೇಳಿದೆ. ಮಾಮಾ ಹೊರಗ ಹೊಸಾ ಬೋರ್ಡ್ ಹಾಕಿದ. ಅಪ್ಪ ಮಾತ್ರ ಬೋರ್ಡ್ ಓದಿ, “ಸ್ಪೆಲಿಂಗ್ ತಪ್ಪದ” ಅಂತ ಅಂದು ಹೋದ.

ಶನಿವಾರ ಬಂತು. ಮಧ್ಯಾಹ್ನ ಮೂರಕ್ಕ ಅಪ್ಪ ಕೆಫೆಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಎಣ್ಣಿ ಹಚ್ಚಿ ಬಾಚಿದ ತಲಿ.

“ಅರ್ಜಿ ಹಾಕ್ಲಿಕ್ಕೆ ಇಸ್ತ್ರಿ ಯಾಕಪ್ಪಾ? ಅವರಿಗೇನು ಕಾಣ್ತದ?” ಅಂದೆ.

“ನನಗ ಕಾಣ್ತದಲ್ಲ,” ಅಂದ.

ಎಂಟೂ ಕುರ್ಚಿ ತುಂಬಿದ್ವು. ನಾಲ್ಕನೇ ಮಷೀನಿನ ಮುಂದ ನಮ್ಮ ಹಿಂದಿನ ಗಲ್ಲಿಯ ಹುಡುಗಿ. ಬೆಳಗಾವಿ ಕಡೆಯವರು, ಬಿ.ಕಾಂ. ಮುಗಿಸಿದ್ಲು, ಅಕಿನೂ ಅದ ಆಫೀಸಿಗೆ ಅರ್ಜಿ ಹಾಕ್ಲಿಕ್ಕೆ ಬಂದಿದ್ಲು. ಎಲ್ಲಾ ತುಂಬಿ, ಕಳಿಸೂ ಬಟನ್ ಒತ್ತಿ, ಉತ್ತರ ಬರೂದನ್ನ ಕಾಯ್ಕೋತ ಕೂತಾಕಿ ಅಪ್ಪನ್ನ ನೋಡಿದ್ಲು. ನೋಡಿದಾಕಿನ ಪರದೆ ಮ್ಯಾಲಿನ ಕಿಡಕಿ ಟಪ್ ಅಂತ ಮುಚ್ಚಿ ಎದ್ದು ನಿಂತ್ಲು.

“ಬರ್ರಿ ಕಾಕಾ, ಕುಂದರ್ರಿ.”

“ನಿಂದ ಮುಗೀಲಿ ತಂಗೀ, ನಾ ನಿಂದರ್ತೇನಿ.”

“ನಂದೇನ್ರಿ, ಆಮ್ಯಾಲೆ ಮತ್ತ ಮಾಡ್ತೇನಿ. ನೀವು ನಿಂತು ನಾ ಕೂತಿದ್ದು ನಮ್ಮವ್ವಗ ಗೊತ್ತಾದ್ರ ಮನ್ಯಾಗ ಸೇರ್ಸಂಗಿಲ್ಲ.”

ಐದನೇ ಮಷೀನಿನ ಮುಂದ ಕೂತು ಮೊಮ್ಮಗಳಿಗೆ ವರಾ ಹುಡುಕೂ ಅಜ್ಜಾರು ತಲಿ ಅಲ್ಲಾಡಿಸಿದ್ರು. “ಹೆಣ್ಣುಮಕ್ಕಳಂದ್ರ ಹಿಂಗಿರಬೇಕು ನೋಡ್ರಿ.” ಮಾಮಾನೂ ಹೌದ್ರಿ ಅಂದ. ನಾನೂ ತಲಿ ಅಲ್ಲಾಡಿಸಿದೆ. ಅಕಿ ಪ್ರಶ್ನೆ ಆಗಲೇ ಹೊರಗ ಹೋಗ್ಯದ, ಉತ್ತರ ಹಾದಿಯೊಳಗದ ಅನ್ನೂದು ನನ್ನ ತಲಿಗೆ ಹೊಳೀಲಿಲ್ಲ. ಪುಣೆಯ ಮೂರು ಮಂದಿಯೊಳಗ ಒಬ್ಬ!

ಅಪ್ಪ ಕೂತ. ಹುಡುಗಿ ಮುಚ್ಚಿದ ಕಿಡಕಿಯ ಹಿಂದ ಇನ್ನೊಂದು ಖಾಲಿ ಅರ್ಜಿ ತೆರದ ಇತ್ತು. “ನಾ ಟೈಪ್ ಮಾಡ್ಲೇನಪ್ಪಾ?” ಅಂದ್ರ, “ಬ್ಯಾಡ, ನೀ ಕೈ ಹಿಂದ ಕಟ್ಕೋ” ಅಂದ. ಟೈಪ್‌ರೈಟರಿನ ಮ್ಯಾಲೆ ಕಲ್ತವ, ಹತ್ತೂ ಬೆರಳು, ಕೀಬೋರ್ಡ್ ನೋಡಂಗಿಲ್ಲ. ಒಂದೊಂದು ಅಕ್ಷರಕ್ಕ ಮೇಜು ನಡಗಿ, ಅಜ್ಜಾರ ವರನ ಹೆಸರು ಪರದೆ ಮ್ಯಾಲೆ ಕುಣೀಲಿಕ್ಕೆ ಹತ್ತಿತು. ಉಳಿದವರೆಲ್ಲಾ ಮೌಸ್ ಬಿಟ್ಟು ಅವನ ಬೆರಳನ್ನ ನೋಡ್ಕೋತ ಕೂತ್ರು. ಹೆಸರು, ವಿಳಾಸ, ಹುಟ್ಟಿದ ದಿನಾ, ಇಪ್ಪತ್ತಾರು ವರ್ಷದ ಅನುಭವ. ಎರಡ ಸಲ ಓದಿ ಕಳಿಸೂ ಬಟನ್ ಒತ್ತಿದ. ಒತ್ತಿದ ಬೆರಳು ಇನ್ನೂ ಎತ್ತಿದ್ದಿಲ್ಲ, ಉತ್ತರ ಬಂತು.

ಅಪ್ಪ ಇಂಗ್ಲಿಷಿನ್ಯಾಗ ಇದ್ದದ್ದನ್ನ ಜೋರಾಗಿ ಓದಿ ಎಲ್ಲಾರಿಗೂ ಕನ್ನಡದಾಗ ಹೇಳಿದ. “ನಿಮ್ಮ ಅರ್ಜಿ ಮುಟ್ಯದ. ಮಂಗಳವಾರ ಹನ್ನೊಂದಕ್ಕ ಬರ್ರಿ. ಈ ಪುಟಾ ತರ್ರಿ.” ಕೆಳಗ ಒಂದು ನಂಬರು. ಹೆಸರಿಲ್ಲ, ನಂಬರಷ್ಟ.

ಮಾಮಾ ಮೂರು ಚಹಾ ಹೇಳಿದ. ಅಜ್ಜಾರು, “ಏನ್ರಿ ಇದು, ಇಷ್ಟು ಲಗೂ?” ಅಂದ್ರು. ಆವಾಗ ಅಪ್ಪ ಕುರ್ಚಿ ತಿರಗಿಸಿ, ಜನ್ಮದಾಗ ಅನ್ನದ ಮಾತು ಅಂದ.

“ನನ್ನ ಮಗಾ ಮಾಡ್ಯಾನ್ರಿ ಇದನ್ನ. ಅವನ ಕೈಯಿಂದ.”

ನನಗ ಏನಾತು ಅಂತ ಹೇಳ್ಲಿಕ್ಕೆ ಬರಂಗಿಲ್ಲ. ನನ್ನ ತಲಿ ಸಿಲಿಂಗ್ ಫ್ಯಾನಿಗೆ ಬಡಿಯೂ ಅಷ್ಟು ನಾ ಎತ್ತರಾದೆ ಅಂತ ಬರೀಬಹುದು. ಅಷ್ಟರಾಗ ಆರನೇ ಮಷೀನಿನಿಂದ ನನ್ನ ಕ್ಲಾಸಿನ ಹುಡುಗ ಒದರಿದ. ಕ್ರಿಕೆಟ್ ಸ್ಕೋರ್ ನೋಡ್ಲಿಕ್ಕೆ ಬಂದಿದ್ದ.

“ಏ, ಸ್ಕೋರ್ ಕೇಳಿದ್ರ ನಿಮ್ಮ ಮಷೀನ್ ನನ್ನ ಹುಟ್ಟಿದ ದಿನಾ ಕೇಳ್ತದಲೇ! ದಿನಾಂಕ ತಪ್ಪದಂತ, ತಿಂಗಳು ಮೊದಲ ಬರದು ತಿದ್ದಿ ಕಳಸಬೇಕಂತ. ಮ್ಯಾಚ್ ನೋಡ್ಲಿಕ್ಕೂ ಜಾತಕ ಬೇಕೇನು?”

ಎಲ್ಲಾರೂ ನಕ್ರು. ನಗು ಮುಗಿಯೂಕಿಂತ ಮೊದಲ ಅಜ್ಜಾರು ಕನ್ನಡಕಾ ಏರಿಸಿ ಪರದೆಗೆ ಮೂಗು ಹಚ್ಚಿದ್ರು. “ಇಲ್ಲಿ ನೋಡ್ರಿ, ವರಂದು ಜಾತಕ ಅಂತ ಒತ್ತಿದ್ರ ನೂರಾ ಎಂಬತ್ತಕ್ಕ ಆರು ಅಂತದ. ಆರು ಏನು, ತಂಗ್ಯಾರೇನು?”

“ಅಜ್ಜಾರ, ಆರು ವಿಕೆಟ್ ರೀ!”

“ಯಾವ್ದಾರ ಇರ್ಲಿ. ಆರು ಭಾಳ ಆತು. ಈ ಸಂಬಂಧ ನಮಗ ಬ್ಯಾಡ.”

ಕೆಫೆ ಇಡೀ ಹೊಟ್ಟಿ ಹಿಡಕೊಂಡು ನಕ್ಕಿತು. ಎಲ್ಲಾರಕಿಂತ ಜೋರಾಗಿ ನಾ ನಕ್ಕೆ. ನಕ್ಕೋತನ ನನಗ ಒಂಬತ್ತನೇ ಹಾಳಿ ನೆನಪಾತು. ಒಬ್ಬರ ಉತ್ತರ ಮುಂದಿನವರಿಗೆ, ಅವರದು ಅವರ ಮುಂದಿನವರಿಗೆ. ಅಜ್ಜಾರಿಗೆ ಬಂದದ್ದು ಹುಡುಗನ ಸ್ಕೋರು. ಹುಡುಗಗ ಬಂದದ್ದು ಅವನಕಿಂತ ಮೊದಲ ಕೇಳಿದವರ ಉತ್ತರ. ಅವನಕಿಂತ ಮೊದಲ ಕೇಳಿದಾಂವ ಅಪ್ಪ.

ಅಪ್ಪ ಹುಟ್ಟಿದ್ದು ಇಪ್ಪತ್ತಮೂರನೇ ತಾರೀಖಿಗೆ. ನಾವೆಲ್ಲಾ ಬರದಂಗ ದಿನಾ ಮೊದಲ ಬರದಿದ್ದ. ಆ ಆಫೀಸಿನವರು ಅಮೇರಿಕಾದ ಗತೆ ತಿಂಗಳು ಮೊದಲ ಕೇಳಾವ್ರು, ಅವರಿಗೆ ಇಪ್ಪತ್ತಮೂರನೇ ತಿಂಗಳು ಎಲ್ಲಿ ಸಿಗಬೇಕು? ಅರ್ಜಿ ವಾಪಸ್ ಬಂದಿತ್ತು. ಬಂದದ್ದು ಆರನೇ ಮಷೀನಿಗೆ. ಅಪ್ಪನ ಮುಂದಿದ್ದ ಪುಟಾ ಅವಂದಲ್ಲ, ಅವಗ ಕುರ್ಚಿ ಬಿಟ್ಟುಕೊಟ್ಟು ಹಿಂದ ನಿಂತಾಳಲ್ಲ, ಅಕಿದು.

ಗಡಿಯಾರ ನೋಡಿದೆ. ಮೂರು ಇಪ್ಪತ್ತು. ಐದಕ್ಕ ಇನ್ನೂ ರಗಡ ಹೊತ್ತಿತ್ತು. “ಅಪ್ಪಾ, ಇದು ನಿಂದಲ್ಲ, ಇನ್ನೊಮ್ಮೆ ಕಳಸು” ಅಂದ್ರ ಮುಗೀತಿತ್ತು. ಐದಾರು ಶಬ್ದ. ನಾ ದಿನಕ್ಕ ಐದಾರು ಸಾವಿರ ಶಬ್ದ ಬರೇ ನನ್ನ ಬಗ್ಗೆ ಆಡ್ತಿದ್ದೆ.

ನಾ ಬಗ್ಗಿ, ಮೇಜಿನ ಕೆಳಗ ಕೈ ಹಾಕಿ, ಪ್ರಾಕ್ಸಿಯ ಪ್ಲಗ್ ಕಿತ್ತೆ.

“ಲೈನ್ ಕಟ್ ಆತ್ರಿ, ಎರಡು ಮಿನಿಟು!”

ಮತ್ತ ಚಾಲೂ ಮಾಡಿದಾಗ ಎಲ್ಲಾ ಹೊಸಾ ಬಾಗಲಾ, ಎಂಜಲೆಲ್ಲಾ ಹೋಗಿತ್ತು. ಹುಡುಗಗ ಸ್ಕೋರು ಬಂತು, ಅಜ್ಜಾರಿಗೆ ಜಾತಕ ಬಂತು. ಹಳೇ ಪ್ರಾಕ್ಸಿಯನ್ನ ಹಾಕಿದ್ದೆ, ತಿದ್ದುಪಡಿ ತೆಗದು. ನಿಧಾನ ಆತು, ಯಾರೂ ಕೇಳಲಿಲ್ಲ. ಹುಡುಗಿ ಕೂತು ಮತ್ತೊಮ್ಮೆ ಅರ್ಜಿ ಕಳಿಸಿದ್ಲು. ‘ನಿಮ್ಮ ಅರ್ಜಿ ಮೊದಲೇ ಬಂದದ, ಮಂಗಳವಾರ ಹನ್ನೊಂದಕ್ಕ ಬರ್ರಿ’ ಅಂತ ಬಂತು.

“ಕಾಕಾ, ನಂದೂ ಹನ್ನೊಂದಕ್ಕ ರೀ!”

“ಹಂಗಾದ್ರ ಕೂಡೇ ಹೋಗೋಣ,” ಅಂದ ಅಪ್ಪ. ಅವನ ಕೈಯಾಗ ಪ್ರಿಂಟ್ ಮಾಡಿದ ಹಾಳಿ ಇತ್ತು. ಇನ್ನೂ ಬಿಸಿ ಇತ್ತಂತ, ನನ್ನ ಕೈಗೆ ಹಚ್ಚಿ ತೋರಿಸಿದ.

ಐದು ಬಡೀತು. ನಾ ಚಹಾದ ಬಟ್ಟಲಾ ತೊಳೀಲಿಕ್ಕೆ ಹತ್ತಿದ್ದೆ. ಮಾಮಾಗ ಆಶ್ಚರ್ಯ ಆತು, ನಾ ಎಂದೂ ತೊಳದಾಂವಲ್ಲ.

ರವಿವಾರ ಪ್ರಾಕ್ಸಿಯ ದಾಖಲೆ ತೆಗದು ನೋಡಿದೆ. ಒಂದು ಕಡ್ಡಿಯಷ್ಟು ಆಸೆ ಇತ್ತು, ನಾ ತಪ್ಪು ತಿಳಕೊಂಡಿರಬಹುದು ಅಂತ. ಜಗತ್ತಿನ್ಯಾಗ ಮೊದಲನೇ ಸಲ ನಾ ತಪ್ಪಿರಲಿ ಅಂತ ಬೇಡಿಕೊಂಡೆ. ಸಾಲು ಸಾಲಾಗಿ ಇತ್ತು ಎಲ್ಲಾ. ನಾಲ್ಕನೇ ಮಷೀನಿನಿಂದ ಒಂದು ಅರ್ಜಿ, ಅರ್ಧಕ್ಕ ಬಿಟ್ಟದ್ದು. ಮತ್ತ ನಾಲ್ಕನೇದರಿಂದ ಒಂದು. ಆರನೇದಕ್ಕ ಆ ಆಫೀಸಿನ ಉತ್ತರ. ನಾ ಸರೀ ಇದ್ದೆ.

ಸೋಮವಾರ ಹೇಳಬಹುದಿತ್ತು. ಹೇಳಿ ಏನು ಮಾಡೂದು, ಬಾಗಲಾ ಮುಚ್ಯದ, ಅಂತ ನನಗ ನಾನ ಅಂದೆ. ಅಲ್ಲಿ ಹೋದ ಮ್ಯಾಲೆ ಹೆಂಗೂ ಅವರು ನೋಡಿ ಒಳಗ ಬಿಡಬಹುದು ಅಂತನೂ ಅಂದೆ. ಅಪ್ಪ ಅವ್ವನ ಕಡೆ ಬೂಟಿಗೆ ಪಾಲಿಶ್ ಕೇಳಿದ, ನಾ ಹಚ್ಚಿಕೊಟ್ಟೆ.

“ನೀನೂ ಬಾ,” ಅಂದ ಅಪ್ಪ. “ಕಂಪ್ಯೂಟರಿಂದು ಏನರ ಕೇಳಿದ್ರ ಹೇಳ್ಲಿಕ್ಕೆ ಆಗ್ತದ.”

ಮಂಗಳವಾರ ಮೂವರೂ ಹೋದ್ವಿ. ಸ್ವಾರಗೇಟದಾಗ ಬಸ್ ಬದಲಿಸಿದ್ವಿ. ಬಸ್ಸಿನ್ಯಾಗ ಅಪ್ಪ ಹುಡುಗಿಗೆ ಧೈರ್ಯ ಹೇಳಿದ್ದ ಹೇಳಿದ್ದು: ಹೆದರಬ್ಯಾಡ, ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನು, ಸುಳ್ಳು ಹೇಳಬ್ಯಾಡ, ಸುಳ್ಳು ಕ್ಲರ್ಕಿನ ಕೆಲಸಕ್ಕ ಬರಂಗಿಲ್ಲ. ನಾ ಕಿಡಕಿ ಹೊರಗ ನೋಡ್ಕೋತ ಕೂತಿದ್ದೆ.

ಮಗರಪಟ್ಟಾದಾಗ ಇನ್ನೂ ಅರ್ಧಾ ಕಟ್ಟಡ ಕಟ್ಲಿಕ್ಕೆ ಹತ್ತಿದ್ರು. ಗಾಜಿನ ಗ್ವಾಡಿ ಮ್ಯಾಲೆ ಸಿಮೆಂಟಿನ ಧೂಳು. ಗೇಟಿನ ವಾಚ್‌ಮನ್, “ಕಾಗದ್ ದಾಖವಾ” ಅಂದ. ಅಪ್ಪ ಹಾಳಿ ತೋರಿಸಿದ. ಹುಡುಗಿ ಕಡೆ ಹಾಳಿ ಇದ್ದಿಲ್ಲ, ಎರಡನೇ ಸಲದ ಪುಟದಾಗ ನಂಬರ್ ಬಂದಿದ್ದಿಲ್ಲ. ಅಕಿಗೆ ಒಳಗ ಬಿಡಂಗಿಲ್ಲ ಅಂದ. ಅಪ್ಪ ಮರಾಠಿಯೊಳಗ ಕಾಲು ತಾಸು ವಾದ ಮಾಡಿ, “ಮಾಝೀ ಮುಲಗೀ ಆಹೇ” ಅಂತ, ನನ್ನ ಮಗಳು ಅಂತ ಹೇಳಿ ಒಳಗ ಕರಕೊಂಡ. ಸುಳ್ಳು ಹೇಳಬ್ಯಾಡ ಅಂದು ಅರ್ಧಾ ತಾಸೂ ಆಗಿದ್ದಿಲ್ಲ. ಬ್ಯಾರೆ ದಿನಾ ಇದ್ದಿದ್ರ ಒಂದು ವಾರ ಕಾಡಸ್ತಿದ್ದೆ.

ಒಳಗ ಮೇಜಿನ ಹಿಂದಿದ್ದ ಹೆಣ್ಣುಮಗಳು ನಂಬರ್ ಬಡದು ಪರದೆ ನೋಡಿ, ಅಪ್ಪನ್ನ ನೋಡಿ, ಮತ್ತ ಪರದೆ ನೋಡಿ, ಇಂಗ್ಲಿಷಿನ್ಯಾಗ ಹೇಳಿದ್ಲು: ಈ ನಂಬರ್ ಒಬ್ಬ ಹುಡುಗಿದು. ಹೆಸರು ಓದಿದ್ಲು. ನಮ್ಮ ಹುಡುಗಿ ಮುಂದ ಬಂದ್ಲು.

“ನಿಮ್ಮ ಹೆಸರಿನ್ಯಾಗ ಯಾವ ಅರ್ಜಿನೂ ಇಲ್ರಿ,” ಅಂತ ಆ ಹೆಣ್ಣುಮಗಳು ಅಪ್ಪಗ ಹೇಳಿದ್ಲು. ಹುಟ್ಟಿದ ತಾರೀಖು ಕೇಳಿ, ಇಲ್ಲಿ ತಿಂಗಳು ಮೊದಲ ಬರೀತೇವಿ ಅಂದು, ಎರಡು ಸಲ ಹುಡುಕಿ ಹೇಳಿದ್ಲು, ಪಾಪ, ಸಿಟ್ಟಿಲೆ ಅಲ್ಲ. “ತಾರೀಖು ಮುಗದದ. ಮುಂದಿನ ವರ್ಷ ಮತ್ತ ಕರೀತೇವಿ.”

ಮುಂದಿನ ವರ್ಷ ಅಪ್ಪಗ ಐವತ್ತೊಂದು ನಡೀತಿರ್ತದ.

ಅಪ್ಪ ಆ ಹಾಳಿಯ ಮಡಿಕಿ ಬಿಡಿಸಿ, ಮೇಜಿನ ಅಂಚಿಗೆ ತಿಕ್ಕಿ ಸಪಾಟ ಮಾಡಿ, ಹುಡುಗಿ ಕೈಯಾಗ ಕೊಟ್ಟ. “ತಗೋ ತಂಗೀ. ನಿಂದ ಅದ.”

“ಕಾಕಾ, ಹಂಗಂದ್ರ ನಿಮ್ದೆಲ್ಲಿ ಹೋತ್ರಿ?”

“ನೀ ಒಳಗ ಹೋಗು. ಹನ್ನೊಂದಾತು.”

ಅಕಿ ಹೊರಗ ಬರೂತನಕಾ ಎರಡು ತಾಸು ನಾವು ಹೊರಗ ಇಟ್ಟಂಗಿ ರಾಶಿ ಮ್ಯಾಲೆ ಕೂತ್ವಿ. ಅಕಿನ್ನ ಒಬ್ಬಾಕಿನ್ನ ಹೆಂಗ ಬಿಟ್ಟು ಹೋಗೂದು ಅಂದ ಅಪ್ಪ. ಇಸ್ತ್ರಿ ಅಂಗಿ ಮ್ಯಾಲೆ ಧೂಳು ಕೂತಿತು. ನಾ ಒಂದು ನಗಿಮಾತು ಹೇಳ್ಲಿಕ್ಕೆ ನೋಡಿದೆ, ಅಜ್ಜಾರ ಆರು ತಂಗ್ಯಾರ ಬಗ್ಗೆ. ಹೇಳೂ ಬದಲಿ ಅಪ್ಪನ ತೋಳಿನ ಮ್ಯಾಲಿನ ಧೂಳು ಝಾಡಿಸಿದೆ. ಹುಡುಗಿ ಬಂದ್ಲು, ಅಕಿನ್ನ ತಗೊಂಡಿದ್ರು. ಹೇಳ್ಲೋ ಬ್ಯಾಡೋ ಅಂತ ಅಳೂ ಮಾರಿ ಮಾಡ್ಕೊಂಡು ನಿಂತಿದ್ಲು. ಅಪ್ಪನೇ ಅಕಿಗೆ ಪೇಢೆ ಕೊಡಿಸಿದ.

ಅವತ್ತ ಸಂಜಿ, ದೀಪ ಹಚ್ಚೂಕಿಂತ ಮೊದಲ ಅಪ್ಪ ನನ್ನ ಬಾಜೂಕ ಬಂದು ಕೂತ.

“ಒಂದು ಕೇಳ್ತೇನಿ. ಕಂಪ್ಯೂಟರಿನ್ಯಾಗ ಹಿಂಗ ಆಗ್ತದೇನು? ಒಬ್ಬರದು ಇನ್ನೊಬ್ಬರಿಗೆ?”

“ಆಗ್ಬಹುದಪ್ಪಾ.”

“ನಮ್ಮ ಕಡಿಂದೋ, ಅವರ ಕಡಿಂದೋ?”

ಅವ ಕೇಳಿದ ರೀತಿಯೊಳಗ ಸಂಶಯ ಇದ್ದಿಲ್ಲ. ಇದ್ದಿದ್ರ ಎಷ್ಟು ಛಲೋ ಇತ್ತು. ಕಾಲು ಮುರದವ ಡಾಕ್ಟರಿಗೆ ಕೇಳಿದಂಗ ಕೇಳಿದ.

“ಅವರ ಕಡಿಂದ,” ಅಂದೆ.

“ಹಂಗಾದ್ರ ಒಂದು ಪತ್ರಾ ಬರಿಯೋಣ. ತಪ್ಪು ಅವರದಿದ್ರ ಅವರು ನೋಡಲಿಕ್ಕೇ ಬೇಕಲ್ಲ. ಏನಾತು ಅನ್ನೂದು ನೀನ ಬರಿ, ನನಗ ಆ ಶಬ್ದ ತಿಳಿಯಂಗಿಲ್ಲ.”

ಬರದೆ. ಇಂಗ್ಲಿಷಿನ್ಯಾಗ, ಒಂದು ಪುಟಾ. ನಿಮ್ಮ ವೆಬ್‌ಸೈಟಿನ ದೋಷದಿಂದ ಒಬ್ಬ ಅರ್ಜಿದಾರರ ಉತ್ತರ ಇನ್ನೊಬ್ಬರಿಗೆ ಬಂದದ, ಕನೆಕ್ಷನ್ ಮರುಬಳಕೆ ಸರಿಯಾಗಿ ಮಾಡದೆ ಹೋದ್ರ ಹಿಂಗ ಆಗ್ತದ, ದಯಮಾಡಿ ಇವರ ಅರ್ಜಿ ತಗೋಬೇಕು. ಎಲ್ಲಾ ತಾಂತ್ರಿಕ ವಿವರಣೆ ಬರೋಬ್ಬರಿ ಇತ್ತು. ನಾ ಜನ್ಮದಾಗ ಬರದಿದ್ದರೊಳಗ ಅಷ್ಟು ಛಲೋ ಪತ್ರಾ ಮತ್ತೊಂದಿಲ್ಲ. ತಪ್ಪು ಎಲ್ಲಿ ಆಗ್ಯದ ಅನ್ನೂದೊಂದ ಸುಳ್ಳು.

ಅಪ್ಪ ಓದಿದ. ಒಂದು ಕಡೆ ಅಲ್ಪವಿರಾಮ ಹಾಕಿದ. ಕೆಳಗ ಹೆಸರು ಬರದು, ಹುಟ್ಟಿದ ತಾರೀಖನ್ನ ತಿಂಗಳು ಮೊದಲ, ದಿನಾ ಆಮ್ಯಾಲೆ ಅಂತ ಬರದ. ಅವರ ಕಡೆ ಹಂಗ ಬರೀಬೇಕಂತ ಆ ಹೆಣ್ಣುಮಗಳು ಅಂದಿದ್ಲಲ್ಲ. ಆಮ್ಯಾಲೆ ಸಹಿ ಮಾಡಿದ. ಸ್ಟೋರ್ಸಿನ ರಿಜಿಸ್ಟರಿನ್ಯಾಗ ಮಾಡ್ತಿದ್ದ ಅದ ಸಹಿ, ಕೆಳಗೊಂದು ಗೆರಿ.

ಪತ್ರಾ ನಾನ ಪೋಸ್ಟಿಗೆ ಹಾಕಿದೆ. ಅಪ್ಪಗ ಐವತ್ತು ತುಂಬಿ ಈಗ ಏಳು ತಿಂಗಳಾತು. ದಿನಾ ಹನ್ನೊಂದರ ಸುಮಾರು ಪೋಸ್ಟ್‌ಮನ್ ಸೈಕಲ್ ಗಂಟಿ ಬಾರಸ್ಕೋತ ಗಲ್ಲಿಯೊಳಗ ಬರ್ತಾನ. ಅಪ್ಪ ಪೇಪರ್ ಮಡಚಿಟ್ಟು ಬಾಗಲಕ್ಕ ಹೋಗಿ ನಿಂದರ್ತಾನ. “ಸರಕಾರಿ ಆಫೀಸಲ್ಲ ಅದು, ಉತ್ತರ ಕೊಡ್ತಾರ,” ಅಂತಾನ. ಕೊಟ್ರ ಅದರಾಗ ಏನ್ ಬರದಿರ್ತಾರ ಅಂತ ಮನ್ಯಾಗ ನನಗೊಬ್ಬಗ ಗೊತ್ತದ.